ಉಪ್ಪುನೀರಿನ ಈಜುಕೊಳ: ಕ್ಲೋರಿನ್ ಎಲ್ಲಿ ಹೋಯಿತು?

ಮನೆಯ ಈಜುಕೊಳಕ್ಕೆ ಉಪ್ಪುನೀರಿನ ಸಾಧನ ಜೋಡಿಸಿದರೆ ಕ್ಲೋರಿನ್ ಬೇಕಿಲ್ಲ ಎಂಬ ಪ್ರಚಾರವಿದೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಕೊಳ ಕಟ್ಟಿಸುವವರು ಇದನ್ನು ನಂಬುವ ಮುನ್ನ ಪರಿಶೀಲಿಸಬೇಕು.

ಇಂಥ ಕೊಳದಲ್ಲಿ ಲೀಟರಿಗೆ ಸುಮಾರು 3 ಗ್ರಾಂ ಉಪ್ಪು ಕರಗಿಸುತ್ತಾರೆ. ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ. ವಿದ್ಯುದ್ವಿಭಜನೆಯಿಂದ ಧನಾಗ್ರದಲ್ಲಿ ಕ್ಲೋರಿನ್, ಋಣಾಗ್ರದಲ್ಲಿ ಹೈಡ್ರೋಜನ್ ಉಂಟಾಗುತ್ತವೆ. ಕ್ಲೋರಿನ್ ನೀರಿನೊಡನೆ ವರ್ತಿಸಿ ಹೈಪೋಕ್ಲೋರಸ್ ಆಮ್ಲವನ್ನು ಕೊಡುತ್ತದೆ. ಬ್ಲೀಚಿಂಗ್ ಪುಡಿ ಹಾಕಿದಾಗಲೂ ರೋಗಾಣುಗಳನ್ನು ಕೊಲ್ಲುವುದು ಇದೇ ಆಮ್ಲ! ಹಾಗಾಗಿ ಇದೂ ಕ್ಲೋರಿನ್ ಕೊಳವೇ.

ಅನುಕೂಲವಿಲ್ಲವೆಂದಲ್ಲ. ಪುಡಿಯನ್ನು ದಾಸ್ತಾನಿಡುವ ಅಪಾಯ ತಪ್ಪುತ್ತದೆ. ಕ್ಲೋರಿನ್ ಒಂದೇ ಸಮನೆ ದೊರೆಯುತ್ತದೆ. ಆದರೆ ನೀರಿನ ಪಿಎಚ್ ಏರುವುದರಿಂದ ಆಗಾಗ ಆಮ್ಲ ಸೇರಿಸಬೇಕು. ಕ್ಲೋರೈಡ್ ಕಬ್ಬಿಣದ ತುಕ್ಕನ್ನು ಹೆಚ್ಚಿಸುತ್ತದೆಂಬುದನ್ನು 1923ರಿಂದ ಕಬ್ಬಿಣದ ಕಾರ್ಖಾನೆ ಕಂಡ ಭದ್ರಾವತಿಯವರಿಗೆ ಹೇಳಬೇಕಿಲ್ಲ.

ದೊಡ್ಡ ಪ್ರಶ್ನೆ ಬೇರೆಯೇ ಇದೆ. 50,000 ಲೀಟರಿನ ಕೊಳದಲ್ಲಿ 150 ಕಿಲೋಗ್ರಾಂ ಉಪ್ಪಿರುತ್ತದೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಕ್ಲೋರೈಡ್ ಆಗುವುದರಿಂದ ಈ ಉಪ್ಪು ಮುಗಿದುಹೋಗುವುದಿಲ್ಲ. ಕೊಳ ಬರಿದು ಮಾಡಿದಾಗ ಅದು ತೋಟದ ಮಣ್ಣಿಗೋ, ಚರಂಡಿ ಹಿಡಿದು ತುಂಗಾ, ಭದ್ರಾ ನದಿಗಳಿಗೋ ಸೇರಬೇಕು. ‘ಗಂಗಾಸ್ನಾನ, ತುಂಗಾಪಾನ’ ಎನ್ನುವ ನಾಡಿನಲ್ಲಿ ಸಾಧನದ ಬೆಲೆಯ ಜೊತೆಗೆ ಈ ಲೆಕ್ಕವನ್ನೂ ಕೇಳಬೇಕಲ್ಲವೆ?