ಬೆಟ್ಟದ ಬರಹದಲ್ಲಿ ರಾತ್ರಿಗಳೆಲ್ಲಿ?

ರಾಜಾನುಕುಂಟೆಯಿಂದ ಹೊರಟ ರೈಲು ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗದ ಬುಡದಲ್ಲೇ ಹಾದುಹೋಗುತ್ತದೆ. ಬೆಂಗಳೂರಿನ ಈ ಉತ್ತರದಂಚಿನ ಹುಡುಗರು ಬೆಟ್ಟ ಹತ್ತುವುದನ್ನು ಕಲಿಯುವುದು ಅಲ್ಲಿ, ಇಲ್ಲವೇ ನಂದಿಯ ಸುತ್ತಮುತ್ತ. ಆಮೇಲೆ ಕುಮಾರಪರ್ವತ, ಬೇಸಿಗೆಯಲ್ಲಿ ನಾಲ್ಕಾರು ದಿನ ರಜೆ ಸಿಕ್ಕರೆ ಹಿಮಾಲಯ. ಬಂದವರು ಬರೆಯುತ್ತಾರೆ. ಚಾರಣದ ಬರಹಕ್ಕೆ ಕನ್ನಡದಲ್ಲಿ ಈಗ ಬರವಿಲ್ಲ. ಆದರೆ ಬಹುಪಾಲು ಒಂದೇ ಅಚ್ಚಿನವು: ಎಷ್ಟು ಕಿಲೋಮೀಟರು, ಎಷ್ಟು ಎತ್ತರ, ತುದಿ ಮುಟ್ಟಿದಾಗ ಏನನ್ನಿಸಿತು. ಬೆಟ್ಟದಲ್ಲಿ ಕಳೆದ ನಾಲ್ಕು ರಾತ್ರಿಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಅನ್ನ ಬೇಯಿಸಿ ಹಾಕಿದವನಿಗೆ ಹೆಸರೇ ಇರುವುದಿಲ್ಲ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (1943) ಯಾರೂ ಚಾರಣದ ಪುಸ್ತಕವೆನ್ನುವುದಿಲ್ಲ. ಆದರೂ ಈ ಬರಹಗಳ ಪಕ್ಕದಲ್ಲಿಟ್ಟು ಓದಬೇಕಾದದ್ದು ಅದನ್ನೇ. ಸುಬ್ರಹ್ಮಣ್ಯ ಸೀಮೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಗೋಪಾಲಯ್ಯನ ಮನೆ ಸೇರಿಸುತ್ತಾರೆ. ರಾತ್ರಿ ತಂಗಲು ಬಂದವನು ದಿನಗಟ್ಟಲೆ ಉಳಿಯುತ್ತಾನೆ. ಅವನಿಗೆ ಬೆಟ್ಟ ಕಾಣಿಸುವುದು ಆ ಮನೆಯ ಜಗಲಿಯಿಂದ, ಕಾಡು ಕಡಿದು ತೋಟ ಎಬ್ಬಿಸಿದ ಮುದುಕನ ಮಾತಿನಿಂದ. ಹಗಲಿನ ಉತ್ಸಾಹದ ಮಾತುಗಳ ಅಡಿಯಲ್ಲಿ, ಮನೆಬಿಟ್ಟು ಹೋದ ಮಗನ ದುಃಖವಿದೆ. ಅದು ಅತಿಥಿಗೆ ತಿಳಿಯುವುದು ಉಳಿದುಕೊಂಡಿದ್ದರಿಂದ. ಮಾರನೆಯ ಬೆಳಿಗ್ಗೆಯೇ ಹೊರಟಿದ್ದರೆ ಅವನ ಪಾಲಿಗೆ ಗೋಪಾಲಯ್ಯ ಬರೀ ಗಟ್ಟಿ ಆಳಾಗಿ ಉಳಿಯುತ್ತಿದ್ದ.

ಕಾದಂಬರಿಗೂ ಮಿತಿಯಿದೆ. ದಾರಿ ತೋರಿಸಿದ ದೇರಣ್ಣ, ಬಟ್ಯರ ಒಳಮನಸ್ಸಿಗೆ ಅದು ಗೋಪಾಲಯ್ಯನ ಮನಸ್ಸಿಗೆ ಇಳಿದಷ್ಟು ಇಳಿಯುವುದಿಲ್ಲ. ಕಾಡು ಕಡಿದದ್ದನ್ನು ಸಾಹಸವೆಂದೇ ಕಂಡ ಕಾಲ ಅದು. ಇಂದಿನ ಓದುಗ ಅಲ್ಲಿ ತಡೆದು ನಿಲ್ಲುತ್ತಾನೆ, ನಿಲ್ಲಬೇಕು ಕೂಡ. ಆದರೆ ಹಾಗೆ ನಿಲ್ಲಲು ಬೇಕಾದ ವಿವರಗಳನ್ನೂ ಕಾರಂತರೇ ಕೊಟ್ಟಿದ್ದಾರೆ. ತುದಿಯ ಫೋಟೊ ಅಷ್ಟನ್ನು ಕೊಡಲಾರದು.

ಆಷಾಢದ ಕೊನೆಯ ಸೋಮವಾರ ನಂದಿಗಿರಿಗೆ ಪ್ರದಕ್ಷಿಣೆ ಬರುವ ಜನ ತುದಿಯ ಗೊಡವೆಗೇ ಹೋಗುವುದಿಲ್ಲ. ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಊರೂರು ದಾಟಿ, ಹೊರಟಲ್ಲಿಗೇ ಬರುತ್ತಾರೆ. ಸುತ್ತುದಾರಿಯ ಚಾರಣವೂ ಹಾಗೆಯೇ: ಅದಕ್ಕೆ ತುದಿ ಮುಖ್ಯವಲ್ಲ, ನಡುವಿನ ತಂಗುದಾಣಗಳು ಮುಖ್ಯ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಸರ್ಕಾರ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿತು. ಕಾಲ್ದಾರಿಯ ನೂಕುನುಗ್ಗಲು ಅದರಿಂದ ತಗ್ಗೀತು. ಬರಹದಲ್ಲಿ ತುದಿಗಾಗಿ ನಡೆಯುವ ನೂಕುನುಗ್ಗಲನ್ನು ಬರೆಯುವವರೇ ತಗ್ಗಿಸಬೇಕು. ಮುಂದಿನ ಸಲ ಉಂಡ ಮನೆಯಿಂದ, ಬಡಿಸಿದವರ ಹೆಸರಿನಿಂದ ಶುರುಮಾಡಿ ನೋಡಲಿ.