ಆ ಒಂದು ನಗು

ಹಿಲರಿ ಕ್ಲಿಂಟನ್ 2016ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ನಮ್ಮ ಸ್ಟಾಫ್‌ರೂಮಿನ ಹೆಂಗಸರಿಗೆಲ್ಲ ಸಂಭ್ರಮ. ನನಗೂ ಇತ್ತು. 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಿ, ಹೆಣ್ಣಿನ ಹಕ್ಕೆಂದರೆ ಮಾನವ ಹಕ್ಕೇ ಎಂದು ಸಾರಿದವರು ಆಕೆ. ಅಂಥವರು ಗೆದ್ದರೆ ಅಷ್ಟೇ ಸಾಕು ಎಂದರು ಗೆಳತಿಯರು. 'ಸಾಕು' ಎನ್ನಲು ಮಾತ್ರ ನನಗೆ ನಾಲಗೆ ಏಳಲಿಲ್ಲ.

ಕಾರಣ, ಯುದ್ಧದ ವಿಷಯದಲ್ಲಿ ಆಕೆಯ ನಿಲುವು. ಇರಾಕಿನ ಮೇಲೆ ಸೇನೆ ಬಳಸುವ ಅಧಿಕಾರವನ್ನು ಬುಷ್ ಅವರಿಗೆ ಕೊಡುವ ನಿರ್ಣಯ 2002ರ ಅಕ್ಟೋಬರಿನಲ್ಲಿ ಸೆನೆಟ್ಟಿನ ಮುಂದೆ ಬಂತು. ಪರವಾಗಿ 77 ಮತ, ವಿರೋಧವಾಗಿ 23. ಹಿಲರಿ ಆ 77ರಲ್ಲಿ ಒಬ್ಬರು. ಯಾವ ಭಯಂಕರ ಅಸ್ತ್ರಗಳ ನೆಪ ಹೇಳಿ ಯುದ್ಧ ಹೂಡಿದರೋ ಅವು ಸಿಗಲೇ ಇಲ್ಲ. ತಾವು ತಪ್ಪಿದ್ದಾಗಿ 2014ರ ತಮ್ಮ ಪುಸ್ತಕದಲ್ಲಿ ಆಕೆ ಒಪ್ಪಿಕೊಂಡರು. ತಪ್ಪೊಪ್ಪಿಕೊಂಡ ಮಗುವನ್ನು ನಾವು ಮೆಚ್ಚುತ್ತೇವೆ, ನಿಜ. ಆದರೆ ಮುಂದಿನ ಲೆಕ್ಕದಲ್ಲೂ ಅದೇ ತಪ್ಪು ಮಾಡಿದೆಯೇ ಎಂದೂ ನೋಡುತ್ತೇವಲ್ಲವೆ?

ಮುಂದಿನ ಲೆಕ್ಕ ಲಿಬಿಯದ್ದು. 2011ರಲ್ಲಿ ಒಬಾಮ ಹಿಂಜರಿಯುತ್ತಿದ್ದಾಗ ಸೇನಾ ಕಾರ್ಯಾಚರಣೆಗೆ ಒತ್ತಾಯಿಸಿದವರಲ್ಲಿ ವಿದೇಶಾಂಗ ಸಚಿವೆಯಾಗಿದ್ದ ಹಿಲರಿ ಪ್ರಮುಖರು. ಬೆಂಘಾಜಿಯ ಜನರನ್ನು ಗಡಾಫಿಯ ಸೇನೆಯಿಂದ ಉಳಿಸಬೇಕೆಂಬ ಮಾತು ಪೊಳ್ಳಲ್ಲ. ಆದರೆ ಜನರನ್ನು ಉಳಿಸಲು ಹೊರಟದ್ದು ಸರ್ಕಾರ ಉರುಳಿಸುವುದರಲ್ಲಿ ಮುಗಿಯಿತು. ಅಕ್ಟೋಬರಿನಲ್ಲಿ ಗಡಾಫಿ ಸತ್ತ ಸುದ್ದಿ ತಿಳಿದಾಗ ಟಿ.ವಿ. ವರದಿಗಾರ್ತಿಯೊಬ್ಬರ ಎದುರು "ಬಂದೆವು, ಕಂಡೆವು, ಅವನು ಸತ್ತ" ಎಂದು ಆಕೆ ನಕ್ಕರು. ಆ ನಗುವನ್ನು ನಾನು ಇಂದಿಗೂ ಮರೆತಿಲ್ಲ. ಸತ್ತವನು ಕ್ರೂರಿಯೇ ಇರಲಿ, ಬೆಕ್ಕಿಗೆ ಚೆಲ್ಲಾಟವಾದದ್ದು ಇಲಿಗೆ ಪ್ರಾಣಸಂಕಟ.

ಲಿಬಿಯ ಹೋಳಾಯಿತು. ಬಂದೂಕು ಹಿಡಿದವನೇ ದೊರೆಯಾದ. 2015ರ ಜುಲೈನಲ್ಲಿ ಸಿರ್ತ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಭಾರತೀಯರನ್ನು ಅಪಹರಿಸಿದರು. ಇಬ್ಬರು ನಮ್ಮ ಕರ್ನಾಟಕದವರು. ಅವರು ಬೇಗ ಬಿಡುಗಡೆಯಾದರು. ಉಳಿದಿಬ್ಬರ ಮನೆಯವರು ವರ್ಷಕ್ಕೂ ಮೀರಿ ಬಾಗಿಲು ಕಾಯಬೇಕಾಯಿತು. ವಾಷಿಂಗ್ಟನ್ನಿನ ತೀರ್ಮಾನ ಯಾರ ಮನೆಯ ಒಲೆ ಆರಿಸುತ್ತದೋ ಬಲ್ಲವರಾರು!

ಇಷ್ಟಾದರೂ ಸಿರಿಯದ ಆಕಾಶದಲ್ಲಿ ವಿಮಾನ ಹಾರಾಟ ನಿಷೇಧಿಸಬೇಕೆಂದು 2016ರ ಚುನಾವಣೆಯಲ್ಲಿ ಆಕೆ ಹೇಳುತ್ತಲೇ ಇದ್ದರು. ಆಗ ಅಲ್ಲಿ ಹಾರುತ್ತಿದ್ದವು ರಷ್ಯದ ಯುದ್ಧವಿಮಾನಗಳು. ಅವನ್ನು ತಡೆಯುವುದೆಂದರೆ ಅಗತ್ಯ ಬಿದ್ದರೆ ಹೊಡೆದುರುಳಿಸುವುದೆಂದೇ ಅರ್ಥ.

"ಅಲ್ಲಾ ರೀ, ಹೆಣ್ಣು ಮೆತ್ತಗೆ ಕಂಡರೆ ಆ ಗಂಡಸರು ಓಟು ಹಾಕ್ತಾರಾ?" ಎಂದರು ನಮ್ಮ ವಿಜ್ಞಾನದ ಟೀಚರ್. ಮಾತಿನಲ್ಲಿ ಹುರುಳಿದೆ. ಎದುರಾಳಿ ಟ್ರಂಪ್ ಏನೂ ಶಾಂತಿದೂತರಲ್ಲ. ಆದರೆ ನನಗೆ ಬಾರ್ಬರಾ ಲೀ ನೆನಪಾಗುತ್ತಾರೆ. 2001ರ ಸೆಪ್ಟೆಂಬರಿನಲ್ಲಿ, ಇಡೀ ದೇಶ ಸಿಟ್ಟಿನಿಂದ ಕುದಿಯುತ್ತಿದ್ದಾಗ, ಅಮೆರಿಕದ ಕೆಳಮನೆಯಲ್ಲಿ 420 ಮಂದಿ ಸೇನಾಬಲಕ್ಕೆ ಹೂಂಗುಟ್ಟಿದರು. ಬೇಡ ಎಂದವರು ಆಕೆಯೊಬ್ಬರೇ. ಮರುವರ್ಷ ಮತದಾರರು ಆಕೆಯನ್ನೇ ಮತ್ತೆ ಆರಿಸಿದರು. ಆಕೆಯೂ ಹೆಣ್ಣೇ.

2016ರಲ್ಲಿ ಹಿಲರಿ ಸೋತರು. ಹೆಣ್ಣೊಬ್ಬಳು ಆ ಕುರ್ಚಿಯಲ್ಲಿ ಕೂರಬೇಕೆಂಬ ಆಸೆ ನನಗೆ ಈಗಲೂ ಇದೆ. ಆದರೆ ಕೂತವಳಿಗೆ, ಬಾಂಬು ಬೀಳುವ ಊರಿನ ತಾಯಿಯೂ ತನ್ನಂತೆಯೇ ಹೆಣ್ಣೆಂಬುದು ನೆನಪಿರಬೇಕು.