ಹೊರೆ ಬೇರೆ, ಏಟು ಬೇರೆ

ಕೊರವಂಗಲದ ಕಡೆಯ ಹಳಬರಿಗೆ ಯೆಜ್ಡಿ ಎಂದರೆ ಹಾಲಿನ ಕ್ಯಾನು, ಹಿಂಡಿ ಮೂಟೆ ಹೊತ್ತು ಹಾಸನಕ್ಕೆ ಹೋಗಿಬರುತ್ತಿದ್ದ ಗಾಡಿ. ‘ಮೂವತ್ತು ವರ್ಷ ಆಯ್ತು, ಗೇರ್‌ಬಾಕ್ಸ್ ಬಿಚ್ಚೇ ಇಲ್ಲ’ ಎನ್ನುವುದು ಅವರ ಹೆಮ್ಮೆ. ಇದೇ ನಂಬಿಕೆಯ ಮೇಲೆ ಹುಡುಗರು ಮಡ್‌ಗಾರ್ಡ್ ಕಳಚಿ, ಬಟನ್ ಟೈರ್ ಹಾಕಿ ಅದನ್ನು ಮಣ್ಣಿನ ರೇಸಿಗೆ ಇಳಿಸುತ್ತಾರೆ. ನೋಡಲು ಚೆಂದ, ಸದ್ದು ಇನ್ನೂ ಚೆಂದ. ಆದರೆ ದುಡ್ಡು ಸುರಿಯುವುದು ಸಿಲಿಂಡರಿನ ಬೋರು, ಕಾರ್ಬುರೇಟರ್, ಸೈಲೆನ್ಸರಿಗೆ, ಮುರಿಯುವುದು ಗೇರ್‌ಬಾಕ್ಸ್.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಮಾಡಿದ 250 ಸಿಸಿಯ ಈ ಟೂ ಸ್ಟ್ರೋಕ್ ಗಾಡಿಗಳಿಗೆ ನಾಲ್ಕು ಗೇರು. ಜೆಕೊಸ್ಲೊವಾಕಿಯಾದ ಮೂಲ ವಿನ್ಯಾಸ, ರಸ್ತೆಗೆಂದೇ ಮಾಡಿದ್ದು. ಮೂಟೆ ಹೊತ್ತಾಗ ಗೇರಿನ ಹಲ್ಲಿನ ಮೇಲೆ ಒತ್ತಡ ನಿಧಾನವಾಗಿ ಏರಿ, ಒಂದೇ ಸಮ ನಿಲ್ಲುತ್ತದೆ. ದಿಬ್ಬ ಹಾರಿದಾಗ ಹಾಗಲ್ಲ. ಹಿಂದಿನ ಚಕ್ರ ಗಾಳಿಯಲ್ಲಿ ಹಿಡಿತವಿಲ್ಲದೆ ಗಿರ್ರನೆ ತಿರುಗಿ, ನೆಲ ಮುಟ್ಟಿದ ಕೂಡಲೇ ಗಕ್ಕನೆ ವೇಗ ಕಳೆದುಕೊಳ್ಳುತ್ತದೆ. ಆ ಏಟು ಚೈನಿನಲ್ಲಿ ಹಿಮ್ಮುಖವಾಗಿ ಬಂದು ಗೇರುಗಳನ್ನು ಒಂದಕ್ಕೊಂದು ಕಚ್ಚಿಸುವ ಡಾಗುಗಳಿಗೆ ಬಡಿಯುತ್ತದೆ. ಅಂಚು ಸವೆದು ಗುಂಡಗಾದ ಡಾಗು ಗೇರ್ ಹಾರಿಸುತ್ತದೆ. ಹಾರಿದಷ್ಟೂ ಇನ್ನಷ್ಟು ಸವೆಯುತ್ತದೆ.

ಎಳೆತ ಹೆಚ್ಚಿಸಲು ಮುಂದಿನ ಸ್ಪ್ರಾಕೆಟ್ಟನ್ನು ಚಿಕ್ಕದು ಮಾಡುವುದು ಅಗ್ಗದ ಉಪಾಯ. ಗೇರ್‌ಬಾಕ್ಸಿನ ದೃಷ್ಟಿಯಲ್ಲಿ ಇದು ತಪ್ಪು ಲೆಕ್ಕ. ಸ್ಪ್ರಾಕೆಟ್ ಕಿರಿದಾದಷ್ಟೂ ಚೈನು ಹೆಚ್ಚು ಜೋರಾಗಿ ಎಳೆಯುತ್ತದೆ. ಆ ಎಳೆತವನ್ನು ತಡೆಯಬೇಕಾದ್ದು ಶಾಫ್ಟಿನ ಬೇರಿಂಗು. ಹಿಂದಿನದನ್ನು ದೊಡ್ಡದು ಮಾಡಿದರೆ ಅದೇ ಅನುಪಾತ ಸಿಗುತ್ತದೆ, ಬೇರಿಂಗೂ ಉಳಿಯುತ್ತದೆ. ಹಿಂದಿನ ಹಬ್ಬಿನಲ್ಲಿರುವ ರಬ್ಬರುಗಳನ್ನು ‘ಆಟ ಜಾಸ್ತಿ’ ಎಂದು ತೆಗೆದು ಕಬ್ಬಿಣದ ತುಂಡು ಕೂರಿಸುವವರೂ ಇದ್ದಾರೆ. ಏಟನ್ನು ನುಂಗುವ ಮೆತ್ತನೆಯ ಜಾಗವನ್ನು ಕೈಯಾರೆ ಕಿತ್ತಂತೆ.

ಈ ಹಳೆಯ ಜಾವಾ, ಯೆಜ್ಡಿಗಳಲ್ಲಿ ಕಿಕ್ಕರೇ ಗೇರ್ ಲಿವರ್ ಕೂಡ. ಅದನ್ನು ಒತ್ತಿದಾಗ ಒಳಗಿನ ವ್ಯವಸ್ಥೆ ಕ್ಲಚ್ಚನ್ನೂ ತಾನೇ ಬಿಡಿಸುತ್ತದೆ. ಪೇಟೆಯಲ್ಲಿ ಇದು ಸುಖ. ಮಣ್ಣಿನಲ್ಲಿ, ಕುಲುಕಾಟಕ್ಕೆ ಬೂಟು ಲಿವರ್ ಮೇಲೆ ಒರಗಿದರೆ ಕ್ಲಚ್ ಅರ್ಧ ಬಿಟ್ಟು ಪ್ಲೇಟು ಸುಡುತ್ತದೆ. ಸವಾರ ಬೈಯುವುದು ಮಾತ್ರ ಪ್ಲೇಟನ್ನು.

ಇನ್ನು ಬಿಡಿಭಾಗ. 2018ರಲ್ಲಿ ಮರಳಿ ಬಂದ ಜಾವಾ ಆರು ಗೇರಿನ ಫೋರ್ ಸ್ಟ್ರೋಕ್ ಗಾಡಿ. ಅದರ ಹಲ್ಲು ಇದರ ಬಾಯಿಗೆ ಕೂರದು. ಮುರಿದ ಹಳೆಯ ಗೇರಿಗೆ ಬದಲಿ ಸಿಗದಿದ್ದರೆ ಇನ್ನೊಂದು ಹಳೆಯ ಗಾಡಿಯ ಹೊಟ್ಟೆ ಬಗೆಯಬೇಕು.

ಹಾಗಂತ ಈ ಹವ್ಯಾಸ ಬೇಡವೆಂದಲ್ಲ. ಗುಜರಿಗೆ ಹೋಗುವ ಗಾಡಿ ಮಣ್ಣಿನಲ್ಲಿ ಕುಣಿದರೆ ಸಂತೋಷವೇ. ಆದರೆ ಬೋರಿಗೆ ಕೈಹಾಕುವ ಮುನ್ನ ಗೇರ್‌ಬಾಕ್ಸಿನ ಕೇಸು ಬಿಚ್ಚಲಿ: ಡಾಗಿನ ಅಂಚು ನೋಡಲಿ, ಬೇರಿಂಗ್ ಬದಲಿಸಲಿ, ಹಬ್ಬಿಗೆ ಹೊಸ ರಬ್ಬರ್ ಹಾಕಲಿ, ಒಂದೊಂದು ರೇಸಿಗೂ ಆಯಿಲ್ ಇಳಿಸಿ ಅದರಲ್ಲಿ ಕಬ್ಬಿಣದ ಪುಡಿ ಇದೆಯೇ ಎಂದು ಬೆರಳಲ್ಲಿ ಉಜ್ಜಿ ನೋಡಲಿ. ಮೂವತ್ತು ವರ್ಷ ಬಿಚ್ಚದ ಗೇರ್‌ಬಾಕ್ಸ್ ಹಾಲಿನ ಗಾಡಿಗೆ ಸರ್ಟಿಫಿಕೇಟು. ರೇಸಿನ ಗಾಡಿಗೆ ಅದೇ ಎಚ್ಚರಿಕೆ.